ವಂಶವೃಕ್ಷ ಮಾಡ್ತಿದೀರಾ? ಎಲ್ಲಿ ಸಿಕ್ತು ಅನ್ನೋದನ್ನ ಹೀಗೆ ಬರೆದಿಡಿ

ಹೆಸರು, ಇಸವಿ ಎಲ್ಲಾ ಜೋಷಲ್ಲಿ ತುಂಬ್ಕೊಂಡ್ ಹೋಗ್ತೀವಿ, ಆಮೇಲೆ ಯಾರಾದ್ರೂ ಈ ತಾರೀಖು ಎಲ್ಲಿ ಸಿಕ್ತು ಅಂದ್ರೆ ಉತ್ತರ ಇರಲ್ಲ. ಅದಕ್ಕೇ ದಾಖಲೆ ಕಣ್ಮುಂದೆ ಇದ್ದಾಗ್ಲೇ ಮೂಲ ಬರ್ಕೊಳ್ಳಿ, ಮನೆಗೋಗಿ ಬರೀತೀನಿ ಅಂದ್ರೆ ಮುಗೀತು.

ಬರೀಬೇಕಾದ್ದು ಇಷ್ಟೇ: ದಾಖಲೆ ಯಾರು ಮಾಡಿದ್ದು, ಏನದು, ಯಾವಾಗಿಂದು, ಅದ್ರಲ್ಲಿ ಎಷ್ಟನೇ ಪುಟ ಎಷ್ಟನೇ ನಂಬರು, ಈಗ ಎಲ್ಲಿದೆ. ಫೋಟೋ ತೆಗೆಯೋದಾದ್ರೆ ಮೊದ್ಲು ರಿಜಿಸ್ಟರಿನ ರಟ್ಟು, ಆಮೇಲೆ ಪೂರ್ತಿ ಪುಟ, ಕೊನೇಲಿ ನಿಮ್ಗೆ ಬೇಕಾದ ಸಾಲು. ಬರೀ ಸಾಲಿನ ಫೋಟೋ ಇದ್ರೆ ಅದು ಯಾವ ಪುಸ್ತಕದ್ದು ಅಂತ ದೇವ್ರಿಗೇ ಗೊತ್ತು. ಆನ್‌ಲೈನಲ್ಲಿ ನೋಡಿದ್ರೆ ಲಿಂಕ್ ಒಂದೇ ಸಾಕಾಗಲ್ಲ, ಸೈಟ್ ಬದ್ಲಾದ್ರೆ ಹೋಯ್ತು, ಸೈಟಿನ ಹೆಸ್ರು, ಕಲೆಕ್ಷನ್ ಹೆಸ್ರು, ಇಮೇಜ್ ನಂಬರು, ನೋಡಿದ ದಿನ ಎಲ್ಲಾ ಹಾಕಿ. ಇಂಡೆಕ್ಸ್ (ರಿಜಿಸ್ಟರಿಂದ ಹೆಸ್ರು ಆಯ್ದು ಮಾಡಿದ ಪಟ್ಟಿ) ಮಾತ್ರ ನೋಡಿದ್ರೆ ಇಂಡೆಕ್ಸ್ ಅಂತ್ಲೇ ಬರೀರಿ, ಅಸಲಿ ರಿಜಿಸ್ಟರ್ ನೋಡ್ದೋರ ಥರ ಪೋಸ್ ಕೊಡ್ಬೇಡಿ.

ಇನ್ನೊಂದು, ಮೂಲವನ್ನ ವ್ಯಕ್ತಿಗೆ ಅಂಟಿಸ್ಬೇಡಿ, ಒಂದೊಂದು ಮಾಹಿತಿಗೂ ಬೇರೆಬೇರೆ ಅಂಟಿಸಿ. ಯಾಕಂದ್ರೆ ಒಂದೇ ಕಾಗದದಲ್ಲಿ ಗಟ್ಟಿ ಮಾಹಿತಿನೂ ಇರುತ್ತೆ, ಜೊಳ್ಳೂ ಇರುತ್ತೆ. ಮರಣ ಪ್ರಮಾಣಪತ್ರನೇ ತಗೊಳ್ಳಿ: ಸತ್ತ ದಿನ ಆಗಷ್ಟೇ ಬರೆಸಿದ್ದು, ಸಾಮಾನ್ಯವಾಗಿ ನಂಬ್ಬೋದು. ಆದ್ರೆ ಅದೇ ಹಾಳೇಲಿರೋ ಹುಟ್ಟಿದ ದಿನ, ತಾಯಿ ಹೆಸ್ರು? ಅದನ್ನ ಮಗನೋ ಅಳಿಯನೋ ಹೇಳಿ ಬರೆಸಿರ್ತಾರೆ, ಅವ್ರೇನು ಆ ಹುಟ್ಟನ್ನ ಕಂಡಿದ್ರಾ. ಮಾಹಿತಿ ಕೊಟ್ಟೋರು ಯಾರು ಅಂತ ಕಾಲಂ ಇದ್ರೆ ಅದನ್ನ ತಪ್ಪದೇ ನೋಟ್ ಮಾಡ್ಕೊಳ್ಳಿ, ನನ್ ಪ್ರಕಾರ ಇಡೀ ಹಾಳೇಲಿ ಅದೇ ಮುಖ್ಯವಾದ ಸಾಲು. ಜೆಡ್‌ಕಾಮ್ (GEDCOM, ವಂಶವೃಕ್ಷದ ಮಾಹಿತಿನ ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಒಯ್ಯೋ ಫೈಲ್ ನಮೂನೆ) ಫೈಲಲ್ಲಂತೂ ಮೂಲ ಎಷ್ಟು ನಂಬಿಕಸ್ತ ಅಂತ 0ಯಿಂದ 3ರವರೆಗೆ ಅಂಕ ಹಾಕೋ ಜಾಗ ಇದೆ, ಯಾರೂ ಬಳಸಲ್ಲ ಅಷ್ಟೇ.

ಎರಡು ದಾಖಲೇಲಿ ಎರಡು ಇಸವಿ ಬಂದ್ರೆ ಎರಡನ್ನೂ ಇಟ್ಕೊಂಡು ಯಾವ್ದನ್ನ ಯಾಕೆ ಒಪ್ಪಿದ್ರಿ ಅಂತ ಪಕ್ಕದಲ್ಲೇ ಬರೀರಿ. ಹಿರಿಯರು ಹೇಳಿದ್ದಾದ್ರೆ ಹೇಳಿದೋರ ಹೆಸ್ರು, ಸಂಬಂಧ, ತಾರೀಖು, ಮತ್ತೆ ಅವ್ರು ಕಣ್ಣಾರೆ ಕಂಡಿದ್ದೋ ಕೇಳಿದ್ದೋ ಅನ್ನೋದು ಇರ್ಲಿ.

ಹುಡುಕಿ ಸಿಗದೇ ಇದ್ದಿದ್ದನ್ನೂ ಬರೀರಿ, ಯಾವ ರಿಜಿಸ್ಟರು, ಯಾವ ಇಸವಿಯಿಂದ ಯಾವ ಇಸವಿವರೆಗೆ, ಹೆಸರನ್ನ ಯಾವ್ಯಾವ ಥರ ಸ್ಪೆಲ್ಲಿಂಗ್ ಹಾಕಿ ನೋಡಿದ್ರಿ ಅಂತ. ಇಲ್ಲಾಂದ್ರೆ ಮುಂದಿನ ವರ್ಷ ಅದೇ ರಿಜಿಸ್ಟರ್ ಮತ್ತೆ ತಿರುವಿ ಹಾಕ್ತಾ ಕೂತಿರ್ತೀರ.