ಅಂಬಲಿಗೆ ಮಜ್ಜಿಗೆ ಯಾವಾಗ ಹಾಕಬೇಕು?

ಒಲೆಯಿಂದ ಈಗಷ್ಟೇ ಇಳಿಸಿದ ರಾಗಿ ಅಂಬಲಿಗೆ ಮೊನ್ನೆ ನಮ್ಮ ಸೊಸೆ ಮಜ್ಜಿಗೆ ಸುರಿಯೋಕೆ ಹೋದಳು. ಕೈ ಹಿಡಿದು ನಿಲ್ಲಿಸಿದೆ. "ಹೊಟ್ಟೆಗೆ ಹೋಗೋದು ತಾನೇ ಅತ್ತೆ, ಯಾವಾಗ ಹಾಕಿದರೇನು?" ಅಂದಳು. ನಮಗೇನೂ ವ್ಯತ್ಯಾಸ ಇಲ್ಲ, ಮಜ್ಜಿಗೆಯೊಳಗಿನ ಜೀವಾಣುಗಳಿಗೆ ಇದೆ. ಕುದಿಯೋದರಲ್ಲಿ ಬಿದ್ದರೆ ಅವು ಸತ್ತೇ ಹೋಗುತ್ತವೆ. ಪಾತ್ರೆಗೆ ಅಂಗೈ ಒತ್ತಿ ಹತ್ತು ಎಣಿಸೋವರೆಗೆ ತಡೆಯೋಕೆ ಆದರೆ ಆಗ ಹಾಕಿ. ಮಜ್ಜಿಗೆಹುಳಿಯನ್ನು ಮೊಸರಿನ ಲೆಕ್ಕಕ್ಕೆ ಹಿಡಿಯಬೇಡಿ. ಇಡ್ಲಿಯೂ ಅಷ್ಟೇ, ಹಿಟ್ಟು ಎಷ್ಟು ಹುದುಗಿದ್ದರೂ ಹಬೆಯಲ್ಲಿ ಬೆಂದ ಮೇಲೆ ಅದರಲ್ಲಿ ಜೀವ ಇರೋದಿಲ್ಲ.

ಈ ಜೀವಾಣುಗಳು ಹೋಗಿ ಸೇರೋ ಕರುಳಿಗೂ ಮನಸ್ಸಿಗೂ ನಂಟಿದೆ. ಕರುಳು ಚುರುಕ್ ಅಂತು ಅಂತೀವಲ್ಲ, ಅದು ಬರೀ ಮಾತಲ್ಲ. ಮನಸ್ಸಿನ ಹದಕ್ಕೆ ಬೇಕು ಅನ್ನೋ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ಶೇ. 90ರಷ್ಟು ಕರುಳಲ್ಲೇ ತಯಾರಾಗುತ್ತೆ. ಅದು ನೇರವಾಗಿ ಮಿದುಳಿಗೆ ಏರೋದಿಲ್ಲ. ಆದರೆ ಹೊಟ್ಟೆಯ ಸುದ್ದಿ ವೇಗಸ್ ಅನ್ನೋ ನರದ ಮೂಲಕ ಮೇಲಕ್ಕೆ ಹೋಗುತ್ತಿರುತ್ತೆ. 2011ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ಸಂಶೋಧಕರು ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಜೀವಾಣುವಿನ ಒಂದು ಬಗೆ ತಿನ್ನಿಸಿದಾಗ ಅವುಗಳ ಅಂಜಿಕೆ ಇಳಿಯಿತು. ಆ ನರ ಕತ್ತರಿಸಿದ ಇಲಿಗಳಲ್ಲಿ ಇಳಿಯಲಿಲ್ಲ. ಇಲಿಯ ಮಾತು ಮನುಷ್ಯರಿಗೆ ಹಾಗೇ ಒಪ್ಪೋದಿಲ್ಲ, ಹಾಗಾಗಿ ಖಿನ್ನತೆಯ ಮಾತ್ರೆ ನುಂಗುವವರು ಮೊಸರು ನಂಬಿ ಮಾತ್ರೆ ಬಿಟ್ಟೀರಿ, ಜೋಕೆ.

ಮೊಸರು ಉಂಡರಷ್ಟೇ ಸಾಲದು, ಕರುಳೊಳಗಿರುವ ಜೀವಾಣುಗಳಿಗೂ ಊಟ ಬೇಕು. ನಮಗೆ ಅರಗದ ನಾರೇ ಅವಕ್ಕೆ ಹಬ್ಬದೂಟ. ಅದನ್ನು ತಿಂದು ಅವು ಬ್ಯುಟಿರೇಟ್ ಅನ್ನೋದನ್ನು ಮಾಡುತ್ತವೆ, ದೊಡ್ಡ ಕರುಳಿನ ಒಳಪದರಕ್ಕೆ ಅದೇ ಕಸುವು. ಸೊಪ್ಪು, ಹುರುಳಿ, ಬಾಳೆದಿಂಡು ಇವೆಲ್ಲ ಆಗುತ್ತೆ. ದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿಕೊಳ್ಳುವ ಎಳೆ ತೆಗೆದು ಹಾಕಿ, ಉಳಿದದ್ದರಲ್ಲೇ ಬೇಕಾದಷ್ಟಿದೆ. ಅನ್ನ ತಣ್ಣಗಾದಾಗ ಅದರ ಪಿಷ್ಟದಲ್ಲಿ ಒಂದಷ್ಟು ಸಣ್ಣ ಕರುಳಿಗೆ ಅರಗದ ಹಾಗೆ ಗಟ್ಟಿಯಾಗಿ, ದೊಡ್ಡ ಕರುಳಿಗೆ ಹೋಗುತ್ತೆ. ತಂಗಳನ್ನಕ್ಕೆ ಮೂಗು ಮುರಿಯುವವರು ಇದನ್ನು ಕೇಳಿಸಿಕೊಳ್ಳಲಿ! ಆದರೆ ಈಗಿನ ಸೆಕೆಗೆ ನಾನು ಅದನ್ನು ಫ್ರಿಜ್ಜಿಗೇ ಇಡುತ್ತೇನೆ. ಲೋಳೆ ಬಂತೋ, ವಾಸನೆ ಬಂತೋ, ಚೆಲ್ಲಿಬಿಡಿ.

ಹುರುಳಿ ಅಭ್ಯಾಸ ಇಲ್ಲದವರು ಮೊದಲ ದಿನವೇ ಬಟ್ಟಲು ತುಂಬ ಬಡಿಸಿಕೊಳ್ಳಬೇಡಿ. ಹೊಟ್ಟೆ ಉಬ್ಬರಿಸಿಕೊಂಡು ರಾತ್ರಿಯಿಡೀ ನನ್ನನ್ನು ಬಯ್ಯುತ್ತೀರಿ. ಎರಡು ಚಮಚದಿಂದ ಶುರು ಮಾಡಿ.

ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಮೊಸರನ್ನ ಒಳ್ಳೆಯದೇ, ಮಾತ್ರೆಯ ಜೊತೆಗೇ ಮಾತ್ರ ಬೇಡ. ಕೆಲವು ಮಾತ್ರೆಗಳು ಹಾಲು ಮೊಸರಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಮೈಗೆ ಸರಿಯಾಗಿ ಹತ್ತೋದಿಲ್ಲ. ಎಷ್ಟು ಹೊತ್ತು ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.