ವೆಲಾಸಿಟಿಯನ್ನು ಅಪ್ರೈಸಲ್‌ಗೆ ಎಳೆಯಬೇಡಿ

ಸಾಫ್ಟ್‌ವೇರ್ ತಂಡದ ಕೆಲಸದ ಲೆಕ್ಕ ಇಡುವ ಜಿರಾದಲ್ಲಿ ಯಾರು ಎಷ್ಟು ಸ್ಟೋರಿ ಪಾಯಿಂಟ್ (ಒಂದು ಕೆಲಸ ಎಷ್ಟು ದೊಡ್ಡದು ಅನ್ನುವ ಅಂದಾಜು ಅಂಕಿ) ಮುಗಿಸಿದರು ಅಂತ ಹೆಸರು ಸಮೇತ ತೋರಿಸುವ ಡ್ಯಾಶ್‌ಬೋರ್ಡ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಮುಂದಿನ ಸ್ಪ್ರಿಂಟ್‌ಗೆ, ಅಂದರೆ ಮುಂದಿನ ಕೆಲವು ವಾರದ ಕೆಲಸದ ಸುತ್ತಿಗೆ, ಎಷ್ಟು ಕೆಲಸ ಹಿಡಿಸುತ್ತದೆ ಅಂತ ತಂಡ ಅಂದಾಜು ಮಾಡಿಕೊಳ್ಳಲಿ ಅಂತಲೇ ಪಾಯಿಂಟ್ ಇರುವುದು. ಒಂದು ಸ್ಪ್ರಿಂಟ್‌ನಲ್ಲಿ ತಂಡ ಮುಗಿಸಿದ ಒಟ್ಟು ಪಾಯಿಂಟೇ ವೆಲಾಸಿಟಿ. ನಮ್ಮ 5 ಪಾಯಿಂಟ್, ಪಕ್ಕದ ತಂಡದ 5 ಪಾಯಿಂಟ್ ಅಲ್ಲ, ಹೋಲಿಸಲೂ ಹೋಗಬೇಡಿ.

ನಾನಿದ್ದ ಒಂದು ತಂಡದಲ್ಲಿ ಈ ಕ್ವಾರ್ಟರ್ ವೆಲಾಸಿಟಿ ಶೇ 20 ಏರಲೇಬೇಕು ಅಂದರು. ಏರಿತು! 3 ಪಾಯಿಂಟ್ ಕೆಲಸಕ್ಕೆ 5 ಅಂದೆವು, 5ಕ್ಕೆ 8 ಅಂದೆವು, ಅಷ್ಟೇ. ಆದರೆ ಇನ್ನೊಬ್ಬರ ಕೋಡ್ ಓದಿ ತಪ್ಪು ಹುಡುಕುವ ಕೋಡ್ ರಿವ್ಯೂ ಮಾಡುವುದು, ಹೊಸದಾಗಿ ಸೇರಿದವರ ಪಕ್ಕ ಕೂತು ಹೇಳಿಕೊಡುವುದು, ಇದಕ್ಕೆಲ್ಲ ಪಾಯಿಂಟ್ ಇಲ್ಲವಲ್ಲ, ಅದು ಮೆಲ್ಲಗೆ ನಿಂತೇಹೋಯಿತು.

ಇದು ಹಳೇ ಕಥೆ. 1982ರಲ್ಲಿ ಆಪಲ್‌ನಲ್ಲಿ ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಫಾರ್ಮ್ ತುಂಬಿಸುತ್ತಿದ್ದರು. ಅಲ್ಲಿನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಕೋಡನ್ನು ಚೊಕ್ಕ ಮಾಡಿ ಸುಮಾರು 2,000 ಸಾಲು ಕಿತ್ತುಹಾಕಿದ್ದರು, ಅದು ಮೊದಲಿಗಿಂತ ವೇಗವಾಗಿಯೂ ಓಡುತ್ತಿತ್ತು. ಫಾರ್ಮ್‌ನಲ್ಲಿ ಮೈನಸ್ 2,000 ಅಂತ ಬರೆದರು. ಕೆಲವು ವಾರದಲ್ಲಿ ಅವರಿಗೆ ಫಾರ್ಮ್ ಕೊಡುವುದನ್ನೇ ಬಿಟ್ಟರಂತೆ.

ಹಾಗಾದರೆ ಏನು ಅಳೆಯುವುದು? ಟಿಕೆಟ್ (ಜಿರಾದಲ್ಲಿ ಬರೆದಿಟ್ಟ ಒಂದೊಂದು ಕೆಲಸ) ಕೈಗೆತ್ತಿಕೊಂಡ ದಿನದಿಂದ ಬಳಸುವವರ ಕೈಗೆ ಸೇರುವ ತನಕ ಎಷ್ಟು ದಿನ ಹಿಡಿಯಿತು ಅಂತ ನೋಡಿ. ಸರಾಸರಿ ನಂಬಬೇಡಿ. 9 ಟಿಕೆಟ್ ತಲಾ 3 ದಿನ, ಇನ್ನೊಂದು 43 ದಿನ ಅಂದರೆ ಸರಾಸರಿ 7 ಬರುತ್ತದೆ, ನಿಜವಾಗಿ 7 ದಿನ ಹಿಡಿದ ಟಿಕೆಟ್ ಒಂದೂ ಇಲ್ಲ! ಆ 43 ದಿನದ ಟಿಕೆಟ್ಟನ್ನು ರೆಟ್ರೊಗೆ, ಅಂದರೆ ಸ್ಪ್ರಿಂಟ್ ಮುಗಿದ ಮೇಲೆ ಏನಾಯಿತು ಅಂತ ತಂಡ ಕೂತು ಮಾತಾಡುವ ಸಭೆಗೆ, ತನ್ನಿ. ಯಾರದ್ದು ತಪ್ಪು ಅಂತ ಕೇಳದೆ, ಎಲ್ಲಿ ಕಾದು ಕೂತಿತ್ತು ಅಂತ ಕೇಳಿ. ಬಹಳ ಸಲ ಅದು ಟೆಸ್ಟ್ ಸರ್ವರ್‌ಗೋ ಇನ್ನೊಂದು ತಂಡದ ಅನುಮತಿಗೋ ಕಾದಿರುತ್ತದೆ. ಜೊತೆಗೆ ಎಷ್ಟು ರಿಲೀಸ್ ವಾಪಸ್ ತೆಗೆಯಬೇಕಾಯಿತು ಅಂತಲೂ ಲೆಕ್ಕ ಇಡಿ, ಇಲ್ಲದಿದ್ದರೆ ಸುಮ್ನೆ ವೇಗ ಜಾಸ್ತಿ ಮಾಡಿಕೊಂಡು ಬಗ್ ಸುರಿಯುತ್ತೀರಿ.

ಶುರು ಮಾಡುವ ಮೊದಲು ಏನು ಎಣಿಸುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಅಂತ ತಂಡಕ್ಕೆ ಬಾಯಿಬಿಟ್ಟು ಹೇಳಿ. ಮೌಸ್ ಎಷ್ಟು ಸಲ ಅಲ್ಲಾಡಿತು ಅಂತ ಎಣಿಸುವ ಸಾಫ್ಟ್‌ವೇರ್ ಬಗ್ಗೆ ನಾನು ಚರ್ಚೆಗೂ ಸಿದ್ಧನಿಲ್ಲ.

ಮೇಲಿನವರು ಒಬ್ಬೊಬ್ಬರ ಅಂಕಿ ಕೇಳಿದರೆ? ಕೇಳೇ ಕೇಳುತ್ತಾರೆ, ಅದೂ ಅಪ್ರೈಸಲ್ ತಿಂಗಳಲ್ಲಿ. ತಂಡದ ಒಟ್ಟು ಚಿತ್ರ ಕೊಡಿ. ಒಬ್ಬೊಬ್ಬರ ಬಗ್ಗೆ ನೀವು ಕಣ್ಣಾರೆ ಕಂಡಿದ್ದನ್ನು ನಾಲ್ಕು ಸಾಲು ಬರೆದುಕೊಡಿ, ಕಳಿಸುವ ಮೊದಲು ಅವರಿಗೇ ತೋರಿಸಿ.