ಬೀದರ್‌ನಲ್ಲಿ ಕೂತು ಕಟ್ಟಿದ ಇಂಫಾಲ್‌ನ ಹರಿಕೇನ್

ಬೀದರ್‌ನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ಬೆಳಗಿನ ಚಹಾದ ಹೊತ್ತಿಗೇ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಮಾಳಿಗೆ ಮೇಲಿಂದ ಹಾದು ಹೋಗುತ್ತವೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆಯೂ ನಮ್ಮೂರೇ. ನಾನು ಪ್ಲಾಸ್ಟಿಕ್ ಮಾದರಿ ಕಟ್ಟೋಕೆ ಶುರು ಮಾಡಿ ನಾಲ್ಕು ವರ್ಷ ಆಯಿತು. ಈ ಬೇಸಿಗೆಯಲ್ಲಿ ಮುಗಿಸಿದ್ದು 1:72 ಅಳತೆಯ ಹಾಕರ್ ಹರಿಕೇನ್, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಹಾಕ್ ಹುಟ್ಟಿದ್ದು ಹಾಕರ್ ಸಿಡ್ಲಿ ಕಂಪನಿಯಲ್ಲಿ, ಅಂದರೆ ಇದರ ಮನೆತನದಲ್ಲೇ. ಮೊಮ್ಮಗ ಮೇಲೆ ಹಾರುತ್ತಿರುವಾಗ ಕೆಳಗೆ ಕೂತು ಅಜ್ಜನನ್ನು ಕಟ್ಟುವುದು ನನಗೆ ಬಹಳ ಇಷ್ಟವಾಯಿತು.

ಹರಿಕೇನ್ ಅಂದರೆ ಎಲ್ಲರಿಗೂ 1940ರ ಬ್ರಿಟನ್ ನೆನಪಾಗುತ್ತದೆ. ನನಗೆ ಬೇಕಾಗಿದ್ದು ನಮ್ಮವರ ಹರಿಕೇನ್. 1944ರಲ್ಲಿ ಜಪಾನಿ ಸೈನ್ಯ ಇಂಫಾಲ್ ಸುತ್ತುವರಿದಾಗ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಅಲ್ಲಿ ಹರಿಕೇನ್ ಹಾರಿಸುತ್ತಿತ್ತು. ಅದರ ಮುಂದಾಳು ಅರ್ಜನ್ ಸಿಂಗ್. 1965ರ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದವರೂ ಅವರೇ. ಮಾದರಿಯ ಡಬ್ಬಿ ಮೇಲಿನ ಚಿತ್ರದಲ್ಲಿ ಇದ್ಯಾವುದೂ ಇರಲಿಲ್ಲ.

ನಿಜವಾದ ಹರಿಕೇನ್‌ನ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 12 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. 72ರಿಂದ ಭಾಗಿಸಿದರೆ ಸುಮಾರು 17 ಸೆಂ.ಮೀ. ಅಂಗೈ ಮೇಲೆ ಕೂರುತ್ತದೆ. ಪೈಲಟ್ ಕೂರುವ ಜಾಗ, ಸೀಟು, ಬೆಲ್ಟು ಎರಡು ಸಂಜೆಯಲ್ಲಿ ಆಯಿತು. ಮುಚ್ಚಿದ ಮೇಲೆ ಅಲ್ಲಿ ಅಷ್ಟಾಗಿ ಏನೂ ಕಾಣುವುದಿಲ್ಲ, ಅದಕ್ಕೆ ಜಾಸ್ತಿ ಹೊತ್ತು ಕೊಡಲಿಲ್ಲ.

ಹೊತ್ತು ಹಿಡಿದಿದ್ದು ಬೆನ್ನು. ವಿಮಾನದ ಮೈ ಎಡ ಹೋಳು, ಬಲ ಹೋಳು ಅಂತ ಎರಡು ಭಾಗದಲ್ಲಿ ಬರುತ್ತದೆ. ಎರಡನ್ನೂ ಸೇರಿಸಿ ಹಿಡಿದು, ತೆಳು ಅಂಟಿನ ಕುಂಚವನ್ನು ಸಂದಿಗೆ ಮುಟ್ಟಿಸಿದರೆ ಸಾಕು, ಅಂಟು ತಾನೇ ಒಳಗೆ ಓಡುತ್ತದೆ. ಈ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ದಾರದ ಹಾಗೆ ಮೇಲೆ ಉಬ್ಬುತ್ತದೆ. ಅದನ್ನು ಎರಡು ದಿನ ಮುಟ್ಟಬಾರದು. ಆಮೇಲೆ ವಾಟರ್ ಪೇಪರ್ ನೀರಲ್ಲಿ ಅದ್ದಿ ಉಜ್ಜಬೇಕು. ಮೊದಲು 400 ನಂಬರಿನ ಒರಟು ಪೇಪರ್, ಆಮೇಲೆ 800, ಕೊನೆಗೆ ನುಣುಪಾದ 1500. ಹರಿಕೇನ್‌ನ ಹಿಂಭಾಗಕ್ಕೆ ಲೋಹದ ತಗಡಿಲ್ಲ, ಬಟ್ಟೆ ಹೊದಿಸಿರುತ್ತಾರೆ. ಆ ಬಟ್ಟೆಯ ಕೆಳಗಿನ ಉದ್ದುದ್ದ ಪಟ್ಟಿಗಳ ಉಬ್ಬನ್ನು ಮಾದರಿಯಲ್ಲೂ ಮೂಡಿಸಿರುತ್ತಾರೆ. ಕೈ ಸ್ವಲ್ಪ ಜಾಸ್ತಿ ಓಡಿದರೂ ಆ ಉಬ್ಬು ಅಳಿಸಿ ಹೋಗುತ್ತದೆ.

ಉಜ್ಜಿ ಮುಗಿಯಿತು ಅಂದುಕೊಂಡೆ. ನಮ್ಮ ಓಣಿಯಲ್ಲಿ ಬಿದರಿ ಕೆಲಸ ಮಾಡುವ ಚಾಚಾ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. ಬೆಳಕಿಗೆ ಓರೆಯಾಗಿ ಹಿಡಿದು, ಬೆನ್ನಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಒಂದು ಕಡೆ ಉಗುರು ನಿಂತಿತು.

"ಬೆಳ್ಳಗಿದ್ದಾಗ ಗೀರು ಕಾಣಂಗಿಲ್ಲ ಬೇಟಾ. ಮೊದ್ಲು ಕರಿ ಮಾಡು, ಆಮ್ಯಾಲೆ ನೋಡು" ಅಂದರು.

ಅವರ ಕೆಲಸದಲ್ಲಿ ಹಾಗೇ ಮಾಡುತ್ತಾರೆ. ಎರಕ ಹೊಯ್ದ ಹೂಜಿಯನ್ನು ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಚಿತ್ರದ ಗೆರೆ ಎದ್ದು ಕಾಣುತ್ತದೆ, ಆಗ ಉಳಿ ಹಿಡಿಯುತ್ತಾರೆ. ಕೋಟೆಯ ಮಣ್ಣು ಹಚ್ಚಿ ಕಾಯಂ ಕಪ್ಪು ತರುವುದು ಕೊನೆಯ ಕೆಲಸ. ನಾನು ಮನೆಗೆ ಬಂದು ಬೆನ್ನಿನ ಉದ್ದಕ್ಕೂ ತೆಳುವಾಗಿ ಕಪ್ಪು ಬಣ್ಣ ಬಳಿದೆ. ಕೂದಲೆಳೆಯಷ್ಟು ಸಂದಿ ಮೂರು ಕಡೆ ಹಾಗೇ ಇತ್ತು! ತುಂಬಿ, ಮತ್ತೆ ಉಜ್ಜಿ, ಮತ್ತೆ ಕಪ್ಪು ಬಳಿದೆ. ಮೂರನೇ ಸಲಕ್ಕೆ ಬೆನ್ನು ಒಂದೇ ಆಯಿತು. ಅಳಿಸಿದ್ದ ಒಂದು ಉಬ್ಬನ್ನೂ ತಿರುಗಿ ಮಾಡಿದೆ. ಮಿಕ್ಕ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದರೆ ನೂಲಿನಷ್ಟು ಸಣ್ಣಗಾಗುತ್ತದೆ, ಅದನ್ನೇ ಅಂಟಿಸಿದೆ.

ಬಣ್ಣ ಹೊಡೆದಿದ್ದು ಮೇ ತಿಂಗಳಲ್ಲಿ. ಮಧ್ಯಾಹ್ನ ಏರ್‌ಬ್ರಷ್ ಹಿಡಿದರೆ ಬಣ್ಣ ಗಾಳಿಯಲ್ಲೇ ಒಣಗಿ, ಹಿಟ್ಟಿನ ಹಾಗೆ ಬಂದು ಕೂರುತ್ತದೆ. ಅದಕ್ಕೆ ಬೆಳಿಗ್ಗೆ ಐದೂವರೆಗೆ ಎದ್ದು ಹೊಡೆದೆ, ಥಿನ್ನರ್ ಸ್ವಲ್ಪ ಜಾಸ್ತಿ ಹಾಕಿದೆ. ಹೊಡೆದ ಕೂಡಲೇ ವಿಮಾನದ ಮೇಲೆ ಒಂದು ಡಬ್ಬಿ ಕವುಚಿಟ್ಟೆ, ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣಿನ ಧೂಳು ಹಸಿ ಬಣ್ಣಕ್ಕೆ ಅಂಟಿಬಿಡುತ್ತದೆ. ಕೆಳಗೆ ಬೂದು, ಮೇಲೆ ಕಡು ಹಸಿರು ಮತ್ತು ಮಣ್ಣಿನ ಕಂದು.

ಆಮೇಲೆ ನಾನು ಕಾಯುತ್ತಿದ್ದ ಕೆಲಸ, ರೌಂಡೆಲ್, ಅಂದರೆ ವಿಮಾನ ಯಾರದ್ದು ಅಂತ ಹೇಳುವ ದುಂಡನೆ ಗುರುತು. ಬ್ರಿಟಿಷ್ ವಿಮಾನದ ಗುರುತಿನ ನಡುವೆ ಕೆಂಪು ಬೊಟ್ಟು ಇರುತ್ತದೆ. ಜಪಾನಿ ವಿಮಾನದ ಗುರುತೂ ಕೆಂಪು ಸೂರ್ಯನೇ ಅಲ್ವಾ? ಬರ್ಮಾ ಕಡೆಯ ಆಕಾಶದಲ್ಲಿ ಕೆಂಪು ಕಂಡರೆ ಸಾಕು, ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯುವ ಅಪಾಯ. ಅದಕ್ಕೆ ಅಲ್ಲಿ ಕೆಂಪನ್ನು ತೆಗೆದೇ ಹಾಕಿದರು. ಹೊರಗೆ ಕಡು ನೀಲಿ, ಒಳಗೆ ತಿಳಿ ನೀಲಿ, ಅಷ್ಟೇ. ಕಿಟ್‌ನ ಜೊತೆ ಬರುವ ಡೆಕಾಲ್‌ಗಳಲ್ಲಿ, ಅಂದರೆ ಅಂಟಿಸುವ ಗುರುತುಗಳಲ್ಲಿ, ಎಲ್ಲದಕ್ಕೂ ಕೆಂಪಿತ್ತು, ಒಂದೂ ಕೆಲಸಕ್ಕೆ ಬರಲಿಲ್ಲ.

ಚಪ್ಪಲಿ ರಿಪೇರಿಯವರು ಬೆಲ್ಟಿಗೆ ತೂತು ಹೊಡೆಯುವ ಪಂಚ್ ಎರಡು ತಂದೆ. ಒಂದು ಆರು ಮಿ.ಮೀ., ಇನ್ನೊಂದು ಮೂರು. ಮಾಸ್ಕಿಂಗ್ ಟೇಪಿನಲ್ಲಿ ದೊಡ್ಡ ತೂತು ಹೊಡೆದು ರೆಕ್ಕೆಗೆ ಅಂಟಿಸಿ, ಆ ತೂತಿಗೆ ತಿಳಿ ನೀಲಿ ಹೊಡೆದೆ. ಒಂದು ದಿನ ಒಣಗಲು ಬಿಟ್ಟೆ. ಸಣ್ಣ ಪಂಚ್‌ನಿಂದ ಕತ್ತರಿಸಿದ ಟೇಪಿನ ಬೊಟ್ಟನ್ನು ಸೂಜಿಯ ಮೊನೆಯಲ್ಲಿ ಎತ್ತಿ ಸರಿಯಾಗಿ ನಡುವಿಗೆ ಕೂರಿಸಿದೆ. ಮೇಲೆ ಕಡು ನೀಲಿ. ಎರಡೂ ಟೇಪು ಕಿತ್ತಾಗ ರೌಂಡೆಲ್ ಚೊಕ್ಕವಾಗಿ ಕೂತಿತ್ತು. ರೆಕ್ಕೆಯ ಮೇಲೆ ಎರಡು, ಕೆಳಗೆ ಎರಡು, ಮೈಗೆ ಎರಡು. ಎರಡು ಸಲ ಬೊಟ್ಟು ಪಕ್ಕಕ್ಕೆ ಸರಿದಿತ್ತು, ಅವನ್ನು ಉಜ್ಜಿ ಹಾಕಿ ಹೊಸದಾಗಿ ಹೊಡೆದೆ.

ಪೈಲಟ್ ಮೇಲಿನ ಗಾಜಿನ ಮುಚ್ಚಳಕ್ಕೆ ಸೂಪರ್ ಗ್ಲೂ ಮಾತ್ರ ಹಚ್ಚಬೇಡಿ. ಅದರ ಹೊಗೆಗೆ ಗಾಜು ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಹಿಂದಿನ ಮಾದರಿಯೊಂದು ನನಗೆ ಹಾಗೇ ಕೆಟ್ಟಿತ್ತು. ಈ ಸಲ ಫೆವಿಕಾಲ್ ಹಚ್ಚಿದೆ, ಒಣಗಿದರೆ ಕಾಣುವುದೇ ಇಲ್ಲ.

ಮುಗಿದ ದಿನ ಮತ್ತೆ ಚಾಚಾ ಹತ್ತಿರ ಒಯ್ದೆ. ಕನ್ನಡಕ ಹಾಕಿಕೊಂಡು, ಉಗುರನ್ನು ಬೆನ್ನಿನ ಮೇಲೆ ಬಾಲದವರೆಗೆ ಎಳೆದರು. ಎಲ್ಲೂ ನಿಲ್ಲಲಿಲ್ಲ. ಆಮೇಲೆ ರೆಕ್ಕೆಯ ನೀಲಿ ಬೊಟ್ಟು ನೋಡಿದರು.

"ಇದರಾಗ ಕೆಂಪು ಎಲ್ಲಿ ಹೋತು?"

ಅವರ ಪಕ್ಕ ಕೂತು ಇಂಫಾಲ್ ಕಥೆ ಹೇಳಿದೆ. ಕತ್ತಲಾಗುವವರೆಗೆ ಹರಿಕೇನ್ ಅವರ ಕೈಯಲ್ಲೇ ಇತ್ತು.